ಕೋಟಿನ ಬೆನ್ನಿಗೆ ಹೊಲಿದ ಮಾತು

ಗಂಡ ಸತ್ತ ಮೇಲೂ ಅವಳು ಟೈಲರ್ ಅಂಗಡಿಯಲ್ಲಿ ಕೋಟುಗಳಿಗೆ ಲೈನಿಂಗ್ ಹೊಲಿಯುತ್ತಿದ್ದಳು. ಹೊಟ್ಟೆ ಕೇಳಬೇಕಲ್ಲ. ಗಂಡ ಗೋದಾಮಿನಲ್ಲಿ ಮೂಟೆ ಏರಿಸುವವನು. ಲಿಫ್ಟಿನ ಹಗ್ಗ ಸವೆದಿದೆ ಎಂದು ಯಜಮಾನನಿಗೆ ತೋರಿಸಿದ್ದ. "ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ಮನೆಗೆ ನಡಿ" ಎಂದಿದ್ದ ಯಜಮಾನ. ಹತ್ತಿದ. ಹಗ್ಗ ಹರಿಯಿತು. ಹೆಣದ ಮುಂದೆ ನಿಂತು ಯಜಮಾನ, "ಪಾಪ, ಏನೋ ಅಚಾತುರ್ಯ" ಎಂದ. ಆ ಮಾತನ್ನು ಅವಳು ಮರೆಯಲಿಲ್ಲ.

ಈಗ ಅದೇ ಯಜಮಾನನ ಕರಿ ಕೋಟು ಅವಳ ಮಡಿಲಲ್ಲಿತ್ತು. ಅವನಿಗೇನೋ ಸನ್ಮಾನವಂತೆ.

ಅಳತೆ ಕೊಡಲು ಬಂದ ಟೀಚರಮ್ಮನನ್ನು ಕೇಳಿದಳು. "ಬೇಕಂತಲೇ ಕೆಟ್ಟದ್ದು ಮಾಡೋನಿಗೆ ಇಂಗ್ಲಿಷಲ್ಲಿ ಏನಂತಾರಮ್ಮ? ನಮ್ಮ ಮಾತಲ್ಲಿ ಬೈದ್ರೆ ಅಂಥೋರಿಗೆ ಸೊಳ್ಳೆ ಕಚ್ಚಿದಂಗೂ ಆಗಲ್ಲ."

"ವಿಕೆಡ್ ಅಂತಾರೆ."

"ಕೈತಪ್ಪಿ ಮಾಡಿದೋನಿಗೂ ಅದೇನಾ?"

"ಇಲ್ಲಮ್ಮ, ಅವನು ಕೇರ್‌ಲೆಸ್. ನಾಯಿ ಕಚ್ಚಿದ್ರೂ ವಿಕೆಡ್ ಅನ್ನಲ್ಲ, ಅದಕ್ಕೇನು ತಿಳಿಯುತ್ತೆ? ತಿಳಿದೂ ತಿಳಿದೂ ಇನ್ನೊಬ್ಬರನ್ನ ಹಾಳು ಮಾಡೋನಿಗೇ ಆ ಮಾತು. ಅವನಿಗೂ ಅನ್ನಬಹುದು, ಅವನ ಕೆಲಸಕ್ಕೂ ಅನ್ನಬಹುದು."

"ಎರಡಕ್ಕೂ ಆಗುತ್ತಾ? ಹಾಗಾದ್ರೆ ಬರೆದುಕೊಡಿ."

ಟೀಚರಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಚಿಂದಿಯ ಮೇಲೆ ಬರೆದುಕೊಟ್ಟರು. ಅವಳಿಗೆ ಆ ಅಕ್ಷರ ಓದಲು ಬಾರದು. ಗೆರೆಯ ಮೇಲೆ ಸೂಜಿ ಓಡಿಸಲು ಬರುತ್ತದೆ. ಕೋಟಿನ ಬೆನ್ನೊಳಗಿನ ಗಟ್ಟಿ ಬಟ್ಟೆಯ ಮೇಲೆ ದಪ್ಪ ದಾರದಲ್ಲಿ ಹೊಲಿದು, ಲೈನಿಂಗ್ ಮುಚ್ಚಿದಳು. ಯಾರಿಗೂ ಕಾಣದಿದ್ದರೂ ಸರಿ, ಆ ಮಾತನ್ನು ಅವನ ಬೆನ್ನು ಹೊತ್ತರೆ ಸಾಕು ಎಂದುಕೊಂಡಿದ್ದಳು.

ಕೋಟು ಸವರಿ ನೋಡಿದ ಅಂಗಡಿಯ ಟೈಲರ್ ಮಾಸ್ತರರ ಕೈ ಕೋಟಿನ ಬೆನ್ನಿನ ಮೇಲೆ ನಿಂತಿತು. "ಏನು ತಂಗಿ ಇದು?"

ಅವಳು ಹೇಳಿದಳು. ಅರ್ಥವನ್ನೂ ಹೇಳಿದಳು.

"ಇಸ್ತ್ರಿ ಒತ್ತಿದ್ರೆ ದಪ್ಪ ದಾರ ಉಬ್ಬಿ ಅಕ್ಷರ ಹೊರಗೆ ಮಿನುಗುತ್ತೆ. ಅಷ್ಟೂ ಹೊಳೀಲಿಲ್ವಾ ನಿನಗೆ?"

ಹೊಳೆದಿರಲಿಲ್ಲ. ಅವಳು ಎದ್ದು ಕಾದ ಇಸ್ತ್ರಿಗೆ ಕೈ ಹಾಕಿದಳು. ಮಾಸ್ತರರು ತಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

"ನಾನು ಟೀ ಕುಡಿದು ಬರ್ತೀನಿ. ಯಾರಾದ್ರೂ ಕೇಳಿದ್ರೆ ಕೈತಪ್ಪಿತು ಅಂತೀನಿ."

"ಬೇಡಿ ಮಾಸ್ತರೇ. ತಿಳಿದೇ ಮಾಡಿದ್ಲು ಅನ್ನಿ. ಕೆಲಸದಿಂದ ತೆಗೆದೆ ಅಂತಲೂ ಹೇಳಿ."

ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

ಸಭೆಯ ದಿನ ಬಾಗಿಲ ಬಳಿ ನಿಂತಳು. ಫಲಕ ತೆಗೆದುಕೊಳ್ಳಲು ಯಜಮಾನ ಜನರಿಗೆ ಬೆನ್ನು ತಿರುಗಿಸಿದ. ದೀಪದ ಬೆಳಕಿಗೆ ಕರಿ ಬಟ್ಟೆಯ ಮೇಲೆ ಅಕ್ಷರಗಳು ಮಿನುಗಿದವು. ಮುಂದಿನ ಸಾಲಿನಲ್ಲಿ ಯಾರೋ ಓದಿ ಪಕ್ಕದವರಿಗೆ ಹೇಳಿದರು, ಅವರು ಹಿಂದಿನವರಿಗೆ. ಆ ಗುಸುಗುಸು ತನ್ನ ತನಕ ಬರುವುದನ್ನು ಅವಳು ಕಾದು ಕೇಳಿದಳು. ಯಜಮಾನ ಫಲಕ ಎತ್ತಿ ಹಿಡಿದು ನಗುತ್ತಿದ್ದ.