ತೊಟ್ಟಿಲಲ್ಲಿ ಸಿಗದ ಹೆಸರು

ನನ್ನ ಬೆನ್ನಿಗೆ ಗುದ್ದು ಬೀಳದೆ ನಮ್ಮ ಮನೆಯಲ್ಲಿ ಒಂದು ಕೂಸಿಗೂ ಹೆಸರು ಬಂದಿಲ್ಲ. ನಮ್ಮ ಬಾಗಲಕೋಟೆ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು. ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ‘ಕುರ್ರ್’ ಅಂದು ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ. ಅಣ್ಣತಮ್ಮಂದಿರ ನಡುವೆ ನಾನೊಬ್ಬಳೇ ಹೆಣ್ಣು, ಹಾಗಾಗಿ ಗುದ್ದೆಲ್ಲ ನನ್ನ ಪಾಲಿಗೇ. ಗಂಡನ ಕೇಂದ್ರ ಸರ್ಕಾರದ ನೌಕರಿ ನಮ್ಮನ್ನು ಅಹಮದಾಬಾದಿಗೆ ತಂದು ಹಾಕಿದ ಮೇಲೆ ಗೊತ್ತಾಯಿತು, ಗುಜರಾತಿಗಳಲ್ಲೂ ಹೆಸರಿಡುವವಳು ಅಪ್ಪನ ಅಕ್ಕ ಇಲ್ಲವೇ ತಂಗಿಯೇ. ಅವರು ಫೋಯಿ ಅನ್ನುತ್ತಾರೆ. ನನ್ನ ಕೊನೆಯ ತಮ್ಮ ವಡೋದರದ ಹುಡುಗಿಯನ್ನು ಮೆಚ್ಚಿ ಮದುವೆಯಾದಾಗ ನನಗೆ ಒಳಗೊಳಗೇ ಖುಷಿ. ಎರಡೂ ಕಡೆಯಿಂದ ಅಧಿಕಾರ ನನ್ನದೇ ಆಯಿತಲ್ಲ.

ಅಧಿಕಾರ ಚಲಾಯಿಸಬೇಕಾದರೆ ಕೂಸು ಉಳಿಯಬೇಕು. ಅವರ ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹೆಣ್ಣು. ನಾನು ಚೆಂದದೊಂದು ಹೆಸರು ಆರಿಸಿ ಹೇಳಿದ್ದೆ, ಎಲ್ಲರೂ ಆ ಹೆಸರಿನಿಂದ ಕರೆಯಲು ಶುರುಮಾಡಿದ್ದರು. ವಾರ ತುಂಬುವುದರೊಳಗೆ ಅದೂ ಹೋಗಿಬಿಟ್ಟಿತು. ಆಮೇಲೆ ತಮ್ಮನ ಹೆಂಡತಿ ನನಗೊಂದು ಮಾತು ಹೇಳಿದಳು. ನಾವಿಬ್ಬರೂ ಮಾತಾಡುವುದು ಹಿಂದಿಯಲ್ಲಿ, ನಡುನಡುವೆ ಅವಳ ಗುಜರಾತಿ, ನನ್ನ ಕನ್ನಡ. ಇಲ್ಲಿ ನನ್ನ ಭಾಷೆಯಲ್ಲೇ ಬರೆಯುತ್ತೇನೆ. “ದೀದಿ, ಮಗು ಹೋಯ್ತು, ಹೆಸರು ಉಳ್ಕೊಂಡುಬಿಡ್ತು. ಅದನ್ನ ಈಗ ಎಲ್ಲಿಡಲಿ?” ನಾನು ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ.

ಮೂರನೆಯದು ಕಳೆದ ವರ್ಷ, ಏಳು ತಿಂಗಳು ತುಂಬುತ್ತಲೇ ಹುಟ್ಟಿತು. ಗಂಡು. ವಡೋದರದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ನಳಿಗೆ ಹಾಕಿದ್ದರು. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ಇಂಥವಳ ಮಗು ಎಂದಷ್ಟೇ ಇತ್ತು. ಹಾಗೇ ಇರಲಿ ಅಂದಳು ತಮ್ಮನ ಹೆಂಡತಿ. ಮನೆಗೆ ಬರುವವರೆಗೆ ಹೆಸರಿನ ಸುದ್ದಿಯನ್ನೇ ಯಾರೂ ಎತ್ತಬಾರದು. ತನ್ನ ತಾಯಿಯಿಂದಲೂ ಗಂಡನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡಳು.

ಮಾತು ಮುರಿಯಲು ಹೊರಟವನು ನನ್ನ ತಮ್ಮ. ಅವನು ಸೂರತ್ ಹತ್ತಿರದ ಸಚಿನ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹಗಲು ಅಲ್ಲಿ ದುಡಿದು ಸಂಜೆ ರೈಲು ಹತ್ತಿ ವಡೋದರಕ್ಕೆ ಓಡುತ್ತಿದ್ದ. ಒಂದು ಮಧ್ಯಾಹ್ನ ಫೋನ್ ಮಾಡಿದ.

“ಅಕ್ಕಾ, ಕೂಸಿಗೆ ಒಂದ ಹೆಸರ ಸಿಕ್ಕೈತಿ. ನೀನ ಕಿವ್ಯಾಗ ಹೇಳಬೇಕು. ಲಗೂನ ಬಾ.”

“ಯಾವ ಹೆಸರಪಾ?”

“ದುರ್ಸುನ್.”

ಕಾರ್ಖಾನೆಗೆ ತುರ್ಕಿಯಿಂದ ಬಟ್ಟೆ ಒಣಗಿಸುವ ದೊಡ್ಡ ಯಂತ್ರ ಬಂದಿತ್ತಂತೆ. ಅದನ್ನು ಜೋಡಿಸಲು ಬಂದ ವಯಸ್ಸಾದ ಫಿಟ್ಟರ್‌ನ ಹೆಸರು ಅದು. ನನಗೆ ಪಿತ್ತ ನೆತ್ತಿಗೇರಿತು.

“ದುರ್ ಅಂತ ಶುರುವಾಗೋ ಹೆಸರ ಯಾರರ ಇಡ್ತಾರೇನೋ?”

“ದುರ್ಗವ್ವಗ ದಿನಾ ಕೈ ಮುಗೀತೀಯಲ್ಲ?”

“ಬಾಯಿ ಮುಚ್ಚು. ಇಲ್ಲಿ ಬಾಡಿಗಿ ಮನಿ ಕೇಳಾಕ ಹೋದ್ರ ಬಾಗಲದಾಗನ ಹೆಸರ ಕೇಳಿ ಯಾವ ಮಂದಿ ಅಂತ ನೋಡ್ತಾರ. ನಾಳೆ ನಿನ್ನ ಮಗ ಏನಂತ ಹೇಳಬೇಕು? ಅದರ ಅರ್ಥರ ಏನು?”

“ನೀನ ನೋಡು,” ಅಂದು ಫೋನ್ ಇಟ್ಟುಬಿಟ್ಟ. ಯಾವಾಗಲೂ ವಾದ ಬೆಳೆಸುವವನು ಅಷ್ಟಕ್ಕೇ ನಿಲ್ಲಿಸಿದ್ದು ನನ್ನನ್ನು ಕೊರೆಯಿತು. ಅದಕ್ಕೇ ನೋಡಲು ಕೂತೆ.

ನವರಂಗಪುರದ ನಮ್ಮ ಮನೆಯ ಅಡುಗೆಕಟ್ಟೆಗೆ ಒರಗಿ ಮೊಬೈಲಿನಲ್ಲಿ ಹುಡುಕಿದೆ. ಮಕ್ಕಳ ಹೆಸರಿಗೆಂದೇ ಎಷ್ಟೊಂದು ಪುಟಗಳಿವೆ! ಅರ್ಥ, ಮೂಲ, ಜನಪ್ರಿಯತೆ ಎಂದು ಸೀರೆ ಅಂಗಡಿಯವರ ಹಾಗೆ ಬಿಡಿಸಿ ಬಿಡಿಸಿ ತೋರಿಸುತ್ತವೆ. ಒಂದು ಪುಟ ‘ಶಾಶ್ವತ’ ಅಂದಿತು. ಇನ್ನೊಂದು ಅದೃಷ್ಟದ ಬಣ್ಣ, ವಾರ ಎಲ್ಲ ಹೇಳಿ ಅರ್ಥ ಹೇಳುವುದನ್ನೇ ಮರೆತಿತ್ತು. ಒಂದು ವಿಷಯದಲ್ಲಿ ಮಾತ್ರ ಎಲ್ಲದಕ್ಕೂ ಒಮ್ಮತ: ಇದು ಬಹಳ ಅಪರೂಪದ ಹೆಸರು, ನಿಮ್ಮ ಮಗು ಹತ್ತು ಜನರಲ್ಲಿ ಎದ್ದು ಕಾಣುತ್ತದೆ. ನಮ್ಮ ಕೂಸು ಎದ್ದು ಕಾಣುವುದು ಹಾಗಿರಲಿ, ಉಸಿರಾಡಿದರೆ ಸಾಕಿತ್ತು. ರೇಗಿ ತಮ್ಮನಿಗೆ ಫೋನ್ ಹಚ್ಚಿದೆ, ಆ ಮನುಷ್ಯನನ್ನೇ ಕರೆ ಎಂದೆ.

ಬಿಳಿ ಮೀಸೆಯ ಮುಖ ಪರದೆಯಲ್ಲಿ ಮೂಡಿತು. ಹಿಂದೆ ಕಾರ್ಖಾನೆಯ ಸದ್ದು. ಅವನ ಇಂಗ್ಲಿಷ್ ನನ್ನದಕ್ಕಿಂತ ಹರಕು, ಅದಕ್ಕೇ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಅವನನ್ನು ಎತ್ತಿಕೊಂಡ ಅಜ್ಜಿ, ಇವನಾದರೂ ನಿಲ್ಲಲಿ ಅಂದಳಂತೆ. ಅದೇ ಹೆಸರು. ಅರ್ಥ ಅಷ್ಟೇ: ನಿಲ್ಲಲಿ, ಇರಲಿ. ಅಲ್ಲಿಯೂ ಮನೆಯ ಹಿರಿಯರು ಹೆಸರನ್ನು ಕಿವಿಯಲ್ಲೇ ಹೇಳುತ್ತಾರೆ ಅಂದ. ಬೆನ್ನಿಗೆ ಗುದ್ದುತ್ತಾರಾ ಅಂತ ಕೇಳಿದೆ. ನಕ್ಕು, ಇಲ್ಲ ಅಂದ.

“ಮತ್ತೆ ಯಾಕೆ ಇಷ್ಟು ಅಪರೂಪ?” ಎಂದೆ.

“ನಮ್ಮೂರಲ್ಲಿ ಈ ಹೆಸರಿನ ಮುದುಕರು ಬೇಕಾದಷ್ಟಿದ್ದಾರೆ, ಸಿಸ್ಟರ್. ತೊಟ್ಟಿಲಲ್ಲಿ ಒಬ್ಬನೂ ಇಲ್ಲ. ಈಗ ಮಕ್ಕಳು ಸಾಯೋದಿಲ್ಲವಲ್ಲ.”

ನನಗೆ ನಮ್ಮ ಅಜ್ಜ ನೆನಪಾದ. ಅವನ ಹೆಸರಿನಲ್ಲಿ ತಿಪ್ಪೆ ಇತ್ತು. ಅವನಿಗೂ ಮುಂಚೆ ಹುಟ್ಟಿದವು ಉಳಿಯಲಿಲ್ಲವೆಂದು ಅವನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಯಾರದೋ ಬಿಸಾಕಿದ ಕೂಸನ್ನು ಎತ್ತಿಕೊಂಡವರ ಹಾಗೆ ಎತ್ತಿಕೊಂಡು ಬಂದಿದ್ದರಂತೆ. ಕಸ ಅಂದುಕೊಂಡಾದರೂ ಸಾವು ಮುಟ್ಟದೆ ಹೋಗಲಿ ಎಂದು. ಆ ಹೆಸರು ಹೇಳಿ ನಾವು ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ಅವನ ನಂತರ ನಮ್ಮ ಮನೆಯಲ್ಲಿ ಆ ಹೆಸರು ಯಾರಿಗೂ ಬೇಕಾಗಲಿಲ್ಲ. ಹೆಸರೊಂದು ಅಪರೂಪವಾಗುವುದು ಒಳ್ಳೆಯ ಸುದ್ದಿಯೂ ಇರಬಹುದು ಎಂದು ಆ ಯಾವ ಪುಟವೂ ಬರೆದಿರಲಿಲ್ಲ. ನನ್ನ ಕೋಪ ಇಳಿಯಿತು, ಹೆದರಿಕೆ ಹೆಚ್ಚಿತು.

ಮಾರನೆಯ ದಿನ ವಡೋದರಕ್ಕೆ ಹೋದೆ. ಕೂಸಿಗೆ ಸೋಂಕು ತಗುಲಿತ್ತು. ಎರಡು ದಿನ ಏನೂ ಹೇಳಲಾಗದು ಅಂದಿದ್ದರು ಡಾಕ್ಟರು. ಆ ಕೋಣೆಯ ಬಾಗಿಲ ಹೊರಗಿನ ಬೆಂಚಿನಲ್ಲಿ ತಮ್ಮ ಒಂದು ತುದಿಗೆ, ಅವನ ಹೆಂಡತಿ ಇನ್ನೊಂದು ತುದಿಗೆ. ನಡುವೆ ಊಟದ ಡಬ್ಬಿ, ಯಾರೂ ಮುಚ್ಚಳ ತೆಗೆದಿರಲಿಲ್ಲ. ನನ್ನನ್ನು ನೋಡುತ್ತಲೇ ಅವಳು ಎದ್ದು ಬಂದಳು.

“ದೀದಿ, ಇವರು ನಿಮ್ಮನ್ನ ಯಾಕೆ ಕರೆಸಿದ್ದಾರೆ ಅಂತ ಗೊತ್ತು. ಒಳಗೆ ಹೋಗಿ ಏನಾದರೂ ಹೆಸರು ಹೇಳಿದಿರೋ, ಮತ್ತೆ ನಿಮ್ಮ ಮುಖ ನೋಡಲ್ಲ.”

“ಹೇಳಲ್ಲ,” ಎಂದೆ. ತಮ್ಮ ನನ್ನನ್ನೇ ನೋಡುತ್ತಿದ್ದ.

ಕೈ ತೊಳೆದು, ಅವರು ಕೊಟ್ಟ ನಿಲುವಂಗಿ ಹಾಕಿಕೊಂಡು ಒಬ್ಬಳೇ ಒಳಗೆ ಹೋದೆ. ನನ್ನ ಅಂಗೈಯಲ್ಲಿ ಕೂರುವಷ್ಟು ಕೂಸು. ಕಿವಿ ಇನ್ನೂ ಪೂರ್ತಿ ಬಿಡಿಸಿಕೊಳ್ಳದೆ ತಲೆಗೆ ಅಂಟಿಕೊಂಡಿತ್ತು. ಪೆಟ್ಟಿಗೆಗೆ ಕೈ ಹಾಕಲೊಂದು ದುಂಡನೆಯ ಕಿಂಡಿ ಇತ್ತು, ಅದಕ್ಕೆ ಬಾಯಿ ಇಟ್ಟರೆ ಆಯಿತು, ನನ್ನ ಕೆಲಸ ಮುಗಿಯುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆಯ ಪಕ್ಕದ ಯಂತ್ರ ಕೂಗತೊಡಗಿತು. ಕೂಸಿನ ಎದೆ ಏಳುತ್ತಿರಲಿಲ್ಲ. ನರ್ಸ್ ಬಂದು ಕೈ ಹಾಕಿ ಅದರ ಅಂಗಾಲಿಗೆ ಬೆರಳಿನಿಂದ ಪಟ್ಟನೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಎದೆ ಎದ್ದಿತು.

“ಇಷ್ಟು ಬೇಗ ಹುಟ್ಟಿದವು ಉಸಿರಾಡೋದನ್ನೇ ಮರೆತುಬಿಡ್ತವೆ,” ಅಂದಳು. “ತಟ್ಟಿ ನೆನಪು ಮಾಡಬೇಕು.”

ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಬೇಕೆಂದು ಮೈಯೆಲ್ಲ ಕಾತರಿಸುತ್ತಿತ್ತು. ಆದರೂ ಹೇಳಲಿಲ್ಲ. ಹೊರಗೆ ತಾಯಿ ಬಾಗಿಲಿಗೆ ಕಿವಿಯಾಗಿ ನಿಂತಿದ್ದಾಳೆ, ಅವಳಿಗೆ ಗೊತ್ತಿಲ್ಲದೆ ಅವಳ ಮಗನಿಗೆ ಹೆಸರಿಡುವ ಹಕ್ಕು ಯಾವ ಅತ್ತೆಗೂ ಇಲ್ಲ.

“ಹೇಳಿದೀ?” ಅಂದ ತಮ್ಮ, ನಾನು ಹೊರಗೆ ಬರುತ್ತಲೇ.

“ಇಲ್ಲೋ.”

“ಯಾಕ? ನಾಳೆ ಅಂವ ಇರಲಿಲ್ಲಂದ್ರ?” ಎಂದು ಕೂಗಿ, ಮೆಟ್ಟಿಲಿಳಿದು ಹೋದ. ಅವನು ಹುಟ್ಟಿದಾಗಿನಿಂದ ನನ್ನೆದುರು ದನಿ ಎತ್ತಿದವನಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಆ ದಿನ ಕೂಸು ಮತ್ತೆ ಮತ್ತೆ ಉಸಿರು ಮರೆಯಿತು. ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿಯೇ ನನ್ನ ಪಕ್ಕ ಬಂದು ಕೂತಳು. ಹಿಂಡಿದ ಎದೆಹಾಲಿನ ಪುಟ್ಟ ಬಾಟಲಿ ಕೈಯಲ್ಲೇ ಇತ್ತು.

“ಅವರು ಹಟ ಹಿಡಿದಿರೋ ಆ ಹೆಸರಿಗೆ ಅರ್ಥ ಏನು, ದೀದಿ?”

ನಾನು ದಂಗಾದೆ. ಇಷ್ಟು ಜಗಳವಾಗಿದೆ, ತಮ್ಮ ಅವಳಿಗೆ ಅದೊಂದನ್ನೇ ಹೇಳಿಲ್ಲ! ಹೇಳಬೇಕಾದರೆ ಸತ್ತ ಕೂಸುಗಳ ಸುದ್ದಿ ತೆಗೆಯಬೇಕು, ಅವನಿಗೆ ಬಾಯಿ ಬಂದಿಲ್ಲ. ನಾನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಫಿಟ್ಟರ್‌ನ ಅಜ್ಜಿ, ನಮ್ಮ ಅಜ್ಜನ ತಿಪ್ಪೆ, ಎಲ್ಲ. ಕೊನೆಗೆ, “ನಿಲ್ಲಲಿ ಅಂತ ಅರ್ಥವಂತೆ,” ಎಂದೆ.

ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಟ್ಟಳು.

“ಅದು ಹೆಸರಲ್ಲ, ದೀದಿ. ನಾನು ದಿನವಿಡೀ ಅವನಿಗೆ ಹೇಳ್ತಾ ಇರೋದೇ ಅದು.”

ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. “ನಡೀರಿ. ನೀವು ಹೇಳಿ, ನಾನು ಬೆನ್ನಿಗೆ ಹೊಡೀತೀನಿ.”

ಇಬ್ಬರನ್ನು ಒಟ್ಟಿಗೆ ಒಳಗೆ ಬಿಡುವ ಪದ್ಧತಿ ಇರಲಿಲ್ಲ. ನರ್ಸ್ ಅವಳ ಮುಖ ನೋಡಿ, ಬೇಗ ಮುಗಿಸಿ ಅಂದಳು. ಕಿಂಡಿಗೆ ಬಾಯಿ ಇಟ್ಟು ಮೆಲ್ಲಗೆ ‘ಕುರ್ರ್’ ಅಂದೆ. ಆ ಹೆಸರು ಹೇಳಿದೆ. ಬೆನ್ನ ಮೇಲೆ ಅವಳ ಮುಷ್ಟಿ ಮೊದಲು ಮುಟ್ಟಿತೋ ಇಲ್ಲವೋ ಅನ್ನುವ ಹಾಗಿತ್ತು. ಆಮೇಲೆ ಗಟ್ಟಿಯಾಯಿತು, ಇನ್ನೂ ಗಟ್ಟಿಯಾಯಿತು. ಹೋದ ಎರಡು ಕೂಸುಗಳ ಸಂಕಟವೆಲ್ಲ ಆ ಗುದ್ದಿನಲ್ಲಿತ್ತು. ನನಗೆ ನಿಜಕ್ಕೂ ನೋವಾಯಿತು. ನಾನು ಬಾಗಿಯೇ ಇದ್ದೆ.

ಔಷಧಿ ಹಿಡಿಯಿತು. ನಿಧಾನಕ್ಕೆ ಕೂಸು ಉಸಿರಾಡಲು ಕಲಿಯಿತು, ತೂಕ ಹೆಚ್ಚಿಸಿಕೊಂಡಿತು. ಒಂದು ದಿನ ತಾಯಿಯ ಮಡಿಲಲ್ಲಿ ಮನೆಗೆ ಬಂತು. ಇನ್ನು ಆ ಹೆಸರು ಬೇಡ, ಅದರ ಕೆಲಸ ಆಯಿತು ಅಂದವನು ತಮ್ಮನೇ. ತುರ್ಕಿಯ ಮನುಷ್ಯನಿಗೆ ಫೋನಿನಲ್ಲಿ ತಿಳಿಸಿದಾಗ ಅವನೂ, ಒಳ್ಳೆಯದಾಯಿತು, ಅದು ಅಪರೂಪವಾಗಿಯೇ ಇರಲಿ ಅಂದನಂತೆ.

ವಡೋದರದ ಅವಳ ತವರಿನಲ್ಲಿ ತೊಟ್ಟಿಲು ಕಟ್ಟಿದೆವು. ಯಾರೂ ತಿರುಗಿ ನೋಡದಂಥ ಸಾದಾ ಹೆಸರೊಂದನ್ನು ಆರಿಸಿದ್ದೆವು, ಆ ಬೀದಿಯಲ್ಲೇ ಅಂಥವರು ನಾಲ್ಕಾರು ಜನ ಇರಬಹುದು. ನಾನು ಬಾಗಿ ಹೇಳಿದೆ. ಅವಳ ತಾಯಿ, ಅಕ್ಕಪಕ್ಕದವರು, ನಮ್ಮೂರಿನಿಂದ ಬಂದವರು ಎಲ್ಲರೂ ನಗುತ್ತ ನನ್ನ ಬೆನ್ನಿಗೆ ಗುದ್ದಿದರು. ಅವಳು ಮಾತ್ರ ತೊಟ್ಟಿಲ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದಳು.

“ನೀನೂ ಹೊಡಿಯೇ,” ಎಂದೆ.

“ನಂದು ಆಗಲೇ ಆಗಿದೆ, ದೀದಿ,” ಅಂದಳು.