ಕಾಣದ ಕುರ್ಚಿಯ ಮೇಲೆ ಕಂಚಿ ಸೀರೆ

"ಕೂತ್ಕೋ" ಅಂದರು ಭಾವ.

"ಎಲ್ಲಿ?" ಅಂದೆ.

ತಮಾಷೆಗೆ ಕೇಳಿದ್ದಲ್ಲ. ಕಳೆದ ಭಾನುವಾರ ಬೆಳಿಗ್ಗೆ, ದೊಡ್ಡಬಳ್ಳಾಪುರದ ಅಕ್ಕನ ಮನೆಯ ಹಾಲಿನಲ್ಲಿ ನನಗೆ ನಿಜಕ್ಕೂ ಒಂದೂ ಕುರ್ಚಿ ಕಾಣಲಿಲ್ಲ. ಭಾವ ಬರೀ ಗಾಳಿಗೆ ಬೆರಳು ತೋರಿಸಿದರು. ಹತ್ತಿರ ಹೋಗಿ ಕೈ ಚಾಚಿದೆ. ತಣ್ಣಗೆ ಏನೋ ಸಿಕ್ಕಿತು. ಕುರ್ಚಿ! ಗಾಜಿನ ಹಾಗೆ ಆಚೆ ಈಚೆ ಎಲ್ಲ ಕಾಣೋ ಕುರ್ಚಿ. ಅಂಥವು ನಾಲ್ಕು, ಜೊತೆಗೊಂದು ಟೀಪಾಯಿ.

"ಅಕ್ರಿಲಿಕ್ಕು" ಅಂದರು ಭಾವ, ಮಗಳ ಹೆಸರು ಹೇಳಿದಷ್ಟೇ ಪ್ರೀತಿಯಿಂದ.

"ಅಂದ್ರೆ ಪ್ಲಾಸ್ಟಿಕ್ಕು. ಟೀವಿ ಮುಂದೆ ಬಣ್ಣದ ಹಾಳೆ ತಗಲಾಕ್ತಿದ್ರಲ್ಲ, ಅದರ ಅಣ್ಣ."

(ಬ್ಲಾಕ್ ಅಂಡ್ ವೈಟ್ ಟೀವಿಗೆ ನೀಲಿ ಹಾಳೆ ಕಟ್ಟಿ, ಕಲರ್ ಟೀವಿ ನೋಡಿದೆವು ಅಂತ ಖುಷಿಪಟ್ಟವರು ಓದುಗರಲ್ಲೂ ಇದ್ದೀರಿ. ಕೈ ಎತ್ತೋದೇನೂ ಬೇಡ.)

ಭಾವನಿಗೆ ರೇಗಿತು. "ಲೇ, ಎಪ್ಪತ್ತನೇ ಇಸವಿ ಕಾಲದ ಹಳೇ ಪೀಸು ಕಣೋ ಇದು. ಬೆಂಗಳೂರಲ್ಲಿ ಯಾವುದೋ ಕ್ಲಬ್ಬಿನೋರು ತೆಗೆದು ಹಾಕಿದ್ದು. ಈಗ ದೊಡ್ಡ ದೊಡ್ಡ ಮನೆಯೋರೆಲ್ಲ ಇದನ್ನೇ ಹುಡುಕ್ಕೊಂಡು ಹೋಗ್ತಾರೆ. ಅದಕ್ಕೇ ಮಾಡರ್ನ್ ಅನ್ನೋದು."

ಹಳೇದನ್ನ ಮಾಡರ್ನ್ ಅನ್ನೋದು ಹೇಗೆ? ಹಾಗಾದರೆ ಇದೇ ಹಾಲಿನಲ್ಲಿ ಮೂರು ತಲೆಮಾರು ಕೂತು ನುಣುಪಾಗಿದ್ದ ಬೀಟೆ ಮರದ ಬೆಂಚು ಇನ್ನೂ ಮಾಡರ್ನ್ ಅಲ್ಲವಾ? ಕೇಳೋಣ ಅಂತ ತಿರುಗಿದೆ. ಬೆಂಚು ಇರಲಿಲ್ಲ. ಹಿಂದಿನ ಮಗ್ಗದ ಶೆಡ್ಡಿಗೆ ಟ್ರಾನ್ಸ್‌ಫರ್ ಆಗಿತ್ತು.

ಇಷ್ಟಕ್ಕೂ ಕಾರಣ ಗಿರಿಜಾ, ಅಕ್ಕನ ಮಗಳು. ಬಿ.ಕಾಂ. ಮುಗಿಸಿದ್ದಾಳೆ. ಈಗಾಗಲೇ ಎರಡು ಕಡೆಯವರು ಬಂದು ನೋಡಿಕೊಂಡು ಹೋಗಿದ್ದರು. ಮೊದಲನೆಯವರು "ಮನೆ ಒಳ್ಳೆ ಶೆಡ್ ಇದ್ದಂಗಿದೆ" ಅಂದರಂತೆ. ಎರಡನೆಯವರು ಉಪ್ಪಿಟ್ಟು ತಿಂದು ಹೋದವರು ಏನನ್ನೂ ಹೇಳಲಿಲ್ಲ. ಭಾವ ಕೂತು ಲೆಕ್ಕ ಹಾಕಿದರು. ಮಗಳನ್ನು ಬದಲಾಯಿಸೋಕಾಗಲ್ಲ, ನಾಲ್ಕು ಪವರ್‌ಲೂಮ್ ಬಿಡೋಕಾಗಲ್ಲ. ಹಾಗಾಗಿ ತಪ್ಪು ಬೆಂಚಿನದ್ದು ಅಂತ ತೀರ್ಮಾನವಾಯಿತು.

ಈ ಸಲದ ಹುಡುಗ ಬೆಂಗಳೂರಿನಲ್ಲಿ ಮನೆಗಳಿಗೆ ಒಳಗಿನ ಡಿಸೈನ್ ಮಾಡೋ ಆಫೀಸಿನಲ್ಲಿ ಇದ್ದಾನೆ. ಗಿರಿಜಾಗೂ ಹಿಡಿಸಿದ್ದ. ಬಾಯಿಬಿಟ್ಟು ಹೇಳಲಿಲ್ಲ. ಅವನ ಫೋಟೋವನ್ನ ಇನ್ನೊಂದು ಸಲ ಕೇಳಿ ಇಸಕೊಂಡಳು, ಅಷ್ಟೇ. ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಯಾವುದಿದೆ?

ಮಧ್ಯಾಹ್ನದ ಹೊತ್ತಿಗೆ ಕುರ್ಚಿಗಳು ತಾವಾಗೇ ಕಾಣತೊಡಗಿದವು. ಮಗ್ಗ ನಿಂತಿರಲಿಲ್ಲ ನೋಡಿ. (ಕರೆಂಟ್ ಇರುವಾಗ ಮಗ್ಗ ನಿಲ್ಲಿಸೋದು ನೇಕಾರರ ಮನೆಯಲ್ಲಿ ಮಹಾಪಾಪ. ಮದುವೆ ಮಾತುಕತೆಗೂ ವಿನಾಯಿತಿ ಇಲ್ಲ.) ಶೆಡ್ಡಿನಿಂದ ಹಾರಿಬಂದ ನೂಲಿನ ಜುಂಗೆಲ್ಲ ಅಕ್ರಿಲಿಕ್ಕಿಗೆ ಅಂಟಿಕೊಂಡು, ಹಳೇ ಉಪ್ಪಿನಕಾಯಿ ಮೇಲೆ ಬೂಷ್ಟು ಬಂದ ಹಾಗಾಗಿತ್ತು. ಅಕ್ಕ ಒಣ ಬಟ್ಟೆಯಲ್ಲಿ ಒರೆಸಿದಳು. ಇನ್ನೂ ಜಾಸ್ತಿ ಅಂಟಿತು. ಉಜ್ಜಿದಷ್ಟೂ ಎಳೆದುಕೊಳ್ಳುತ್ತಿತ್ತು.

"ಅಯ್ಯೋ, ಇದಕ್ಕೂ ಮಗ್ಗದ ಮದ್ದೇ" ಅಂದಳು ಅಕ್ಕ.

ಒಣ ಹವೆಯಲ್ಲಿ ನೂಲು ಕೂದಲು ನಿಮಿರಿಸಿಕೊಂಡು ಎದ್ದರೆ, ಶೆಡ್ಡಿನಲ್ಲಿ ನೀರು ಚಿಮುಕಿಸುತ್ತಾರೆ. ನೂಲು ತೆಪ್ಪಗೆ ಕೂರುತ್ತದೆ. ಅದೇ ಅಭ್ಯಾಸದಲ್ಲಿ ಅಕ್ಕ ಬಟ್ಟೆ ನೆನೆಸಿ ನಾಲ್ಕೂ ಕುರ್ಚಿ ಒರೆಸಿದಳು. ಸಾಲದು ಅಂತ ಮೇಲೊಂದಿಷ್ಟು ನೀರನ್ನೂ ಚಿಮುಕಿಸಿದಳು. ಜುಂಗು ಹೋಯಿತು. ಕುರ್ಚಿ ಮತ್ತೆ ಮಾಯ. ಅದರ ಮೇಲಿದ್ದ ನೀರೂ ಮಾಯ.

ಅಷ್ಟರಲ್ಲಿ ಬೀದಿಯಲ್ಲಿ ಕಾರಿನ ಹಾರನ್. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಬೇಗ ಬಂದಿದ್ದರು.

ಹುಡುಗನ ತಾಯಿ ಒಳಗೆ ಬರುತ್ತಲೇ ಸೆರಗು ಸರಿಮಾಡಿಕೊಂಡು, "ಸೆಕೆಗೆ ರೇಷ್ಮೆ ಉಡೋದೇ ಕಷ್ಟ. ಅದರಲ್ಲೂ ಕಂಚಿದು ಅಂದ್ರೆ ಭಾರ" ಅಂದರು. ಎಲ್ಲರೂ ಸೀರೆ ನೋಡಿದೆವು. ನೋಡಬೇಕಿತ್ತಲ್ಲ. ಆಮೇಲೆ ಅವರು ಕುರ್ಚಿ ತಡವಿ ಹುಡುಕಿ ಕೂತರು.

ಕೂತವರು ಹಾಗೇ ಎದ್ದರು. ಹಿಂದೆ ಮುಟ್ಟಿ ನೋಡಿಕೊಂಡರು. ಮುಖ ಕಪ್ಪಿಟ್ಟಿತು.

"ನೀರು! ಅಯ್ಯಯ್ಯೋ, ನನ್ನ ಪ್ಯೂರ್ ಸಿಲ್ಕು! ಕಲೆ ಆಗೋಯ್ತಲ್ರೀ!"

ಆಗ ಬಾಯಿಬಿಟ್ಟರು ನಮ್ಮ ಭಾವ. ಧೈರ್ಯ ಹೇಳೋದಷ್ಟೇ ಅವರ ಉದ್ದೇಶ. ದೇವರಾಣೆಗೂ ಬೇರೇನಿಲ್ಲ.

"ಏನೂ ಆಗಲ್ಲ ಬಿಡೀಮ್ಮ. ಇದು ಪ್ಯೂರ್ ಅಲ್ಲ, ಪಾಲಿಯೆಸ್ಟರು. ಬಕೆಟ್‌ನಲ್ಲಿ ಅದ್ದಿದ್ರೂ ಕಲೆ ನಿಲ್ಲಲ್ಲ. ಈ ಬಾರ್ಡರ್ ನಮ್ದೇ, ನಮ್ಮ ಮೂರನೇ ಮಗ್ಗದಲ್ಲಿ ನೇಯ್ದಿದ್ದು. ಗ್ಯಾರಂಟಿ ನಂದು!"

ಹಿಂದಿನ ಶೆಡ್ಡಿನಲ್ಲಿ ಮೂರನೇ ಮಗ್ಗ ಲಟಕ್ ಪಟಕ್ ಅಂತ ಸಾಕ್ಷಿ ಹೇಳುತ್ತಿತ್ತು.

ನೇಕಾರನೊಬ್ಬ ಮಾತ್ರ ಮಾಡಬಲ್ಲ ತಪ್ಪು ಇದು. ಬೇರೆಯವರಾದರೆ ಕ್ಷಮೆ ಕೇಳಿ ಟವೆಲ್ ಕೊಡುತ್ತಿದ್ದರು. ಭಾವ ಗ್ಯಾರಂಟಿ ಕೊಟ್ಟರು. ತಾನು ನೇಯ್ದದ್ದು ಕಂಚಿ ಅಂತ ಮಾರಾಟವಾಗುತ್ತದೆ ಅನ್ನೋದು ಅವರಿಗೆ ಗೊತ್ತು. ಅದರಿಂದಲೇ ಮನೆಯ ಒಲೆ ಉರಿಯೋದು. ಆದರೂ ಅವತ್ತು ಬಾಯಿ ತಡೆಯಲಿಲ್ಲ. ನಗು ತಡೆಯೋಕೆ ನಾನು ಆ ಕಡೆ ತಿರುಗಿದೆ. ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು ಗಿರಿಜಾ.

ಹುಡುಗ? ಅವನಿಗೆ ಇದ್ಯಾವುದೂ ಕೇಳಿಸಿದಂತಿರಲಿಲ್ಲ. ಇನ್ನೊಂದು ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲು ಪರೀಕ್ಷಿಸುತ್ತಿದ್ದ. "ಒರಿಜಿನಲ್ ಸೆವೆಂಟೀಸ್ ಪೀಸ್! ಒಂದೂ ಸ್ಕ್ರ್ಯಾಚ್ ಇಲ್ಲ. ಎಲ್ಲಿ ಸಿಕ್ತು ಸಾರ್?" ಗಿರಿಜಾ ಅವನ ಮುಂದೆ ಕಾಫಿ ಹಿಡಿದಳು. ಕುರ್ಚಿಯ ಮೇಲಿನ ಕಣ್ಣು ತೆಗೆಯದೆ ಲೋಟ ತಗೊಂಡ.

ಹತ್ತು ನಿಮಿಷದಲ್ಲಿ ಎಲ್ಲರೂ ಎದ್ದರು. ತಾಯಿ ಕುಂಕುಮ ಇಡಿಸಿಕೊಂಡರು. ಸೀದಾ ಕಾರಿಗೆ ಹೋದರು.

ಗುರುವಾರ ಅಕ್ಕ ಫೋನ್ ಮಾಡಿಸಿದಳು. ನೆಲಮಂಗಲದಿಂದ ಬಸ್ಸು ಹತ್ತಿ ಮತ್ತೆ ಹೋದೆ. ಮದುವೆ ಬ್ರೋಕರ್ ಬಂದು ಹೋಗಿದ್ದನಂತೆ.

"ಏನಂತೆ?"

"ಹುಡುಗಿ ವಿಷಯ ಆಮೇಲೆ ಯೋಚನೆ ಮಾಡ್ತಾರಂತೆ" ಅಂದರು ಭಾವ, ನೆಲ ನೋಡುತ್ತಾ. "ಹುಡುಗ ಕುರ್ಚಿ ಕೊಡ್ತೀರಾ ಅಂತ ಕೇಳಿ ಕಳಿಸವ್ನೆ. ಯಾರೋ ಪಾರ್ಟಿ ಮನೆಗೆ ಬೇಕಂತೆ."

ಅಕ್ಕ ಕಣ್ಣೊರೆಸಿಕೊಂಡಳು. ಭಾವ ಒಂದೇ ಸಮನೆ ತಮ್ಮನ್ನೇ ಬೈದುಕೊಂಡರು. "ನನ್ನ ಬಾಯಿಗೆ ಹುಳ ಬೀಳ. ಆ ಸೀರೆ ಗುರುತು ಹಿಡೀದೇ ಇದ್ದಿದ್ರೆ ಏನಾಗ್ತಿತ್ತು? ಬಾರ್ಡರ್ ಕಂಡ ತಕ್ಷಣ ಕಣ್ಣು ಅಲ್ಲೇ ಹೋಗುತ್ತಲ್ಲೋ, ಏನ್ ಮಾಡ್ಲಿ?"

ಗಿರಿಜಾ ಶೆಡ್ಡಿನಿಂದ ಬೀಟೆ ಬೆಂಚನ್ನು ಎಳೆದು ತಂದಳು. ನಾನೊಂದು ಕಡೆ ಹಿಡಿದೆ. ಹಾಲಿನ ಹಳೇ ಜಾಗದಲ್ಲೇ ಇಟ್ಟು, ಅದರ ಮೇಲೆ ಕೂತಳು. ಹುಡುಗನ ಫೋಟೋವನ್ನು ಟೀಪಾಯಿ ಮೇಲಿಟ್ಟಳು.

"ಕೊಟ್ಬಿಡಿ ಅಪ್ಪ ಕುರ್ಚಿನಾ. ಈ ಫೋಟೋನೂ ಜೊತೇಲಿ ಕಳಿಸಿ."

"ಬೇಜಾರು ಮಾಡ್ಕೋಬೇಡ ಕಣಮ್ಮ..."

"ಬೇಜಾರಿದೆ. ಸುಳ್ಳು ಯಾಕೆ ಹೇಳ್ಲಿ? ಒಂದು ಕೇಳ್ತೀನಿ, ಹೇಳಿ. ಆಯಮ್ಮನ ಸೀರೆ ಯಾವ ಮಗ್ಗದ್ದು ಅಂತ ಹೇಳಿದ್ರಲ್ಲ, ಅವತ್ತು ನಾನು ಯಾವ ಸೀರೆ ಉಟ್ಟಿದ್ದೆ?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಾಣದ ಕುರ್ಚಿಗಳ ಕಡೆ ನೋಡಿದೆ.

ಇಷ್ಟು ಹೊತ್ತು ಓದಿದಿರಲ್ಲ, ಅವಳು ಯಾವ ಸೀರೆ ಉಟ್ಟಿದ್ದಳು ಅಂತ ನೀವಾದರೂ ಕೇಳಿದಿರಾ?