ಕದಲದ ಮೂವತ್ತಮೂರು

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮಾಲೀಕರ ಮುಖ ನೋಡಿ ಪ್ರಯೋಜನವಿಲ್ಲ, ಮೀಟರ್ ನೋಡಬೇಕು. ಅದೂ ಕಾರು ನಿಂತಾಗಲ್ಲ, ಚೆನ್ನಾಗಿ ಓಡಿ ಬಿಸಿಯಾದ ಮೇಲೆ.

ತಂಗಿಗೆ ಬಾಗಲೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ದಿನಾ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಏರ್‌ಪೋರ್ಟ್ ರಸ್ತೆಯಲ್ಲಿ ಹೋಗಬೇಕು. ಕಾರು ನೋಡಲು ಆರ್.ಟಿ. ನಗರಕ್ಕೆ ಹೋದೆವು. ಮಾಲೀಕರು ಮೆದು ಮಾತಿನವರು. ನಾಲ್ಕೂ ಟಯರಿನ ಗಾಳಿ ಎಷ್ಟಿದೆ ಅಂತ ಒಳಗಿನ ಸೆನ್ಸರ್ ಮೀಟರಿನಲ್ಲಿ ತೋರಿಸುತ್ತದೆ, ಇಳಿದರೆ ದೀಪ ಹತ್ತುತ್ತದೆ ಎಂದರು. ನಾಲ್ಕರಲ್ಲೂ ಮೂವತ್ತಮೂರು, ಇರಬೇಕಾದಷ್ಟೇ. ತಂಗಿ ಅಲ್ಲೇ ಸೋತುಬಿಟ್ಟಳು. ಚೌಕಾಸಿಗೆ ಬಂದಾಗ ಹಾಗೆ ಹಲ್ಲು ಬಿಡಬೇಡ ಕಣೇ ಅಂತ ಎಷ್ಟು ಸಲ ಹೇಳಿದ್ದೆನೋ.

ಓಡಿಸಿ ನೋಡಲು ಹೊರಟೆವು. ಸ್ಟೀರಿಂಗ್ ತಂಗಿಯ ಕೈಯಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಮಾಲೀಕರು. ನೆತ್ತಿ ಸುಡುವ ಬಿಸಿಲು. ಹೆಬ್ಬಾಳದ ಫ್ಲೈಓವರ್ ಇಳಿದಾಗ ಮೂವತ್ತಮೂರು. ಯಲಹಂಕ ದಾಟಿದರೂ ಅದೇ. ನಾನು ಬಗ್ಗಿ ಮೀಟರನ್ನೇ ನೋಡತೊಡಗಿದೆ. ಯಶವಂತಪುರದ ಮಂಡಿಯಿಂದ ಈರುಳ್ಳಿ ಹೇರಲು ಟೆಂಪೋ ಇಟ್ಟು ಮೇಲೆ ಬಂದವಳು ನಾನು. ಬಿಸಿಲಲ್ಲಿ ಓಡಿದ ಟಯರಿನಲ್ಲಿ ಗಾಳಿ ಉಬ್ಬುತ್ತದೆ, ಅಂಕಿ ಏರಲೇಬೇಕು. ಇಲ್ಲಿ ನಾಲ್ಕೂ ಗೋಡೆಗೆ ಬರೆದಂತೆ ನಿಂತಿವೆ. ಅದರ ಮೇಲೆ ಕಾರು ಎಡಕ್ಕೆ ಎಳೆಯುತ್ತಿದೆ, ತಂಗಿ ಬಲಕ್ಕೆ ತಿದ್ದುತ್ತಲೇ ಇದ್ದಾಳೆ. ಮಗ್ಗುಲಲ್ಲಿ ಬಸ್ಸು, ಹಿಂದೆ ಲಾರಿಯ ಹಾರನ್ನು.

“ಬ್ರೇಕ್ ಒತ್ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗಿ ಸಾಕು. ಮೆಲ್ಲಗೆ ಎಡಕ್ಕೆ ಬಾ.”

“ಯಾಕಕ್ಕ?”

“ಆಮೇಲ್ ಹೇಳ್ತೀನಿ. ರಸ್ತೆ ನೋಡು.”

ಸರ್ವೀಸ್ ರಸ್ತೆಗೆ ಬಂದು ನಿಂತಾಗ ಅವಳ ಬೆರಳು ಸ್ಟೀರಿಂಗ್ ಬಿಡುತ್ತಿರಲಿಲ್ಲ. ಎಡಗಡೆಯ ಮುಂದಿನ ಟಯರು ನೆಲಕ್ಕೆ ಕುಸಿದು ಕೂತಿತ್ತು, ಮುಟ್ಟಿದರೆ ಕೈ ಸುಟ್ಟಿತು. ಮೀಟರಿನಲ್ಲಿ ಮಾತ್ರ ಮೂವತ್ತಮೂರೇ.

ಸ್ಟೆಪ್ನಿ ತೆಗೆಯಲು ಡಿಕ್ಕಿ ತೆರೆದರೆ, ಸ್ಟೆಪ್ನಿಯ ಕೆಳಗೆ ಎರಡೂ ತುದಿ ಮುಚ್ಚಿದ ದಪ್ಪ ಪೈಪೊಂದು. ಪಕ್ಕದ ಟಯರ್ ಅಂಗಡಿಯವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕ. ನಾಲ್ಕೂ ಸೆನ್ಸರ್ ಇದರೊಳಗೇ ಇವೆಯಂತೆ. ಟಯರ್ ಬದಲಿಸುವಾಗ ಸೆನ್ಸರಿನ ವಾಲ್ವ್ ಮುರಿದ ಕೆಲವು ಅಂಗಡಿಯವರು, ಮಾಲೀಕರಿಗೆ ಗೊತ್ತಾಗದಿರಲಿ ಅಂತ ನಾಲ್ಕನ್ನೂ ಪೈಪಿನಲ್ಲಿ ಹಾಕಿ ಗಾಳಿ ತುಂಬಿಬಿಡುತ್ತಾರಂತೆ.

ಮಾಲೀಕರ ಜನ್ಮ ಜಾಲಾಡಬೇಕೆಂದು ತಿರುಗಿದೆ. ಅವರು ಹಳೇ ಟಯರಿನ ರಾಶಿಯ ಮೇಲೆ ಕೂತುಬಿಟ್ಟಿದ್ದರು.

“ಹೋದ ವಾರ ಇದ್ರಲ್ಲೇ ಮಗಳನ್ನ ಹಾಸನಕ್ಕೆ ಕರ್ಕೊಂಡ್ ಹೋಗಿದ್ದೆ ಮೇಡಂ. ನೂರರ ಮೇಲೆ ಓಡ್ಸಿದೀನಿ.”

ಕೂಡಲೇ ಮಗಳಿಗೆ ಫೋನ್ ಮಾಡಿ, ಎಲ್ಲಿದ್ದೀಯ ಎಂದು ಕೇಳಿದರು. ಅದು ನಾಟಕವಲ್ಲ. ನಾಟಕವನ್ನು ಈರುಳ್ಳಿ ಮಂಡಿಯಲ್ಲಿ ಸಾಕಷ್ಟು ನೋಡಿದ್ದೇನೆ. ಬೈಗುಳ ನುಂಗಿಕೊಂಡೆ, ಚೌಕಾಸಿ ನುಂಗಲಿಲ್ಲ. ಇಂಜಿನ್ ಗಟ್ಟಿಯಿತ್ತು. ನಾಲ್ಕೂ ಹೊಸ ಟಯರು, ಹೊಸ ಸೆನ್ಸರು, ನಿಮ್ಮ ಖರ್ಚಿನಲ್ಲಿ, ನಾನು ನಿಂತು ನೋಡುವಾಗಲೇ ಹಾಕಿಸಬೇಕು ಎಂದೆ. ಒಪ್ಪಿದರು. ಒಂದೊಂದು ಟಯರು ಏರಿಸುವ ಮುಂಚೆ ರಿಮ್ಮಿನೊಳಗೆ ಬಗ್ಗಿ ಸೆನ್ಸರ್ ಕೂತದ್ದನ್ನು ನೋಡಿದೆ. ನೀವೂ ಹೊಸ ಟಯರು ಹಾಕಿಸುವಾಗ ಟೀ ಕುಡಿಯಲು ಹೋಗಬೇಡಿ, ಅಲ್ಲೇ ನಿಲ್ಲಿ.

ತಂಗಿ ಮಾತ್ರ ಬೀಗದ ಕೈ ಮುಟ್ಟಲಿಲ್ಲ. ನೀನೇ ಓಡಿಸು ಎಂದಳು. ನಾನು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಬಹಳ ಹೊತ್ತಿನ ಮೇಲೆ ಬಂದು ಕೂತಳು.

ಅದೇ ರಸ್ತೆಯಲ್ಲಿ ವಾಪಸ್ಸು, ಹಿಂದಿನ ಸೀಟಿನಲ್ಲಿ ಮಾಲೀಕರು. ಅವಳು ಮೀಟರ್ ಕಡೆ ಕಣ್ಣು ಹಾಯಿಸಲೂ ಹೆದರಿದ್ದಳು.

“ಎಷ್ಟಿದೆ ಅಕ್ಕ?”

“ಮೂವತ್ಮೂರು.”

ಅವಳು ವೇಗ ಇಳಿಸಿದಳು. ಯಲಹಂಕ ದಾಟಿದ ಮೇಲೆ ಮತ್ತೆ ಕೇಳಿದಳು.

“ಈಗ?”

“ಮೂವತ್ನಾಲ್ಕು. ಹಿಂದಿನ ಟಯರಲ್ಲಿ ಮೂವತ್ತೈದು.”

ಆಗ ಅವಳು ಗೇರ್ ಬದಲಿಸಿ ವೇಗ ಏರಿಸಿದಳು.